ರಂಬುಟಾನ್ ನೆಟ್ಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ನಾಲ್ಕೈದು ಮಂದಿ ಒಂದೇ ತರದ ಫೋಟೋ ಹಾಕಿದ್ದೀರಿ. ಎಲೆಯ ತುದಿ ಕರಟಿದೆ, ಅಂಚು ಹಪ್ಪಳದ ಹಾಗೆ ಪುಡಿಯಾಗುತ್ತಿದೆ. ರೋಗ ಅಂತ ಗಾಬರಿಯಾಗಿ ಸುಮ್ನೆ ಔಷಧಿ ಹೊಡೆಯಬೇಡಿ. ಮೊದಲು ಬುಡ ನೋಡಿ.

ರಂಬುಟಾನ್ ಬೇರು ಹೆಚ್ಚು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಮಣಿಪಾಲದ ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಜಾಗವಾದರೆ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೆ ಪಸೆ ಆರುತ್ತದೆ. ತರಗೆಲೆ ದಪ್ಪಕ್ಕೆ ಹಾಸಿ, ಕಾಂಡಕ್ಕೆ ಮಾತ್ರ ತಾಗಬಾರದು. ಸಂಜೆ ನೀರು ಕೊಡಿ. ಎಳೆ ಗಿಡವಾದರೆ ಪಶ್ಚಿಮಕ್ಕೆ ಎರಡು ತೆಂಗಿನ ಮಡಲು ಊರಿ. ನಮ್ಮಲ್ಲಿ ಇಷ್ಟಕ್ಕೇ ಹೊಸ ಚಿಗುರು ಬಂತು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ಕಾಯಬೇಡಿ.

ಹಣ್ಣು ತಿಂದು ಬೀಜ ಹಾಕಿದವರಿಗೆ ಒಂದು ಮಾತು. ನಾನೂ ಹಾಗೇ ಮಾಡಿ ಏಳು ವರ್ಷ ಕಾದೆ. ಹೂವೇನೋ ಗೊಂಚಲು ಗೊಂಚಲಾಗಿ ಬಂತು, ಆದರೆ ಮರ ಗಂಡು! ಬೀಜದ ಗಿಡದಲ್ಲಿ ಈ ಅಪಾಯ ಜಾಸ್ತಿ. ಕಣ್ಣು ಕಸಿಯ (ಫಲ ಕೊಡುವ ಮರದ ಮೊಗ್ಗು ಕೂರಿಸಿದ) ಗಿಡವೇ ತನ್ನಿ, 3-4 ವರ್ಷಕ್ಕೆ ಫಲ ಶುರುವಾಗುತ್ತದೆ. ಗಿಡದಿಂದ ಗಿಡಕ್ಕೆ 25-30 ಅಡಿ ಬಿಡಿ.

ಕಾಯಿ ಬಿಟ್ಟ ಮರ ಇರುವವರೇ, ಈ ಹಣ್ಣು ಕೊಯ್ದ ಮೇಲೆ ಮಾಗುವುದಿಲ್ಲ. ಬಣ್ಣ ಪೂರ್ತಿ ತಿರುಗುವವರೆಗೆ ಮರದಲ್ಲೇ ಇರಬೇಕು. ಅಷ್ಟು ದಿನ ಬಾವಲಿ ಬಿಡಬೇಕಲ್ವಾ? ಮರಕ್ಕೆ ಹೊದಿಸುವ ಬಲೆ ಒಟ್ಟಿಗೆ ತರಿಸುವವರು ಭಾನುವಾರದೊಳಗೆ ಮರದ ಎತ್ತರ ಇಲ್ಲೇ ತಿಳಿಸಿ.