ನೋವಿಲ್ಲದ ಗಂಟನ್ನೇ ಮೊದಲು ತೋರಿಸಿ

ಮಾನ್ಯ ಸಂಪಾದಕರೇ,

ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೂ 'ನೋವೇನಿಲ್ಲವಲ್ಲ, ಬಿಡು' ಎಂದು ತಿಂಗಳುಗಟ್ಟಲೆ ಸುಮ್ಮನಿರುವ ಹೆಂಗಸರು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಕಡಿಮೆಯಿಲ್ಲ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ನಮ್ಮ ಕಡೆಯವರು 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ಮೂರನ್ನೂ ಬೆಂಗಳೂರಿನಲ್ಲಿ ಪಡೆದು, ಈಗ ದಿನಕ್ಕೊಂದು ಮಾತ್ರೆ ನುಂಗುತ್ತ ಎಂದಿನಂತೆ ಹಸು, ಹೊಲ ನೋಡಿಕೊಂಡಿರುವ ನಾನು ಆ ಒಂದು ಮಾತಿಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಆರಂಭದ ಹಂತದಲ್ಲಿ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನನ್ನದೂ ನೋಯುತ್ತಿರಲಿಲ್ಲ. ಸ್ನಾನ ಮಾಡುವಾಗ ಎಡಗಡೆ ಕಂಕುಳಿನ ಹತ್ತಿರ, ಒತ್ತಿದರೂ ಜರುಗದ ಗಟ್ಟಿ ಗಂಟೊಂದು ಬೆರಳಿಗೆ ತಗುಲಿತು, ಅಷ್ಟೇ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ, ನಮ್ಮ ಜಿಲ್ಲೆಯವರೇ ಆದ ಅಕ್ಕ ಒಬ್ಬರು ಅಂಥದೇ ಗಂಟಿಗೆ ಸೊಪ್ಪು ಅರೆದು ಕಟ್ಟಿಕೊಳ್ಳುತ್ತ, ಅದು ಒಡೆದು ಹುಣ್ಣಾದ ಮೇಲೆ ಬಂದಿದ್ದರು. ಹಳೆಯ ಪಂಚೆಯ ತುಂಡನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಅದು ನೆನೆದಾಗಲೆಲ್ಲ ಯಾರ ಕಣ್ಣಿಗೂ ಬೀಳದಂತೆ ಬದಲಿಸುತ್ತಿದ್ದರು. ಮನೆಯಲ್ಲಿ ಯಜಮಾನರಿಗೂ ಹೇಳಿರಲಿಲ್ಲವಂತೆ. ನಮ್ಮ ದೇಶದ ಕ್ಯಾನ್ಸರ್ ನೋಂದಣಿ ಕೇಂದ್ರಗಳ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗ ಸ್ತನದಲ್ಲೇ ಇರುವಾಗ ಪತ್ತೆಯಾದವರಲ್ಲಿ ಶೇ 81ರಷ್ಟು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಆ ಪ್ರಮಾಣ ಶೇ 18ರ ಆಸುಪಾಸಿಗೆ ಇಳಿಯುತ್ತದೆ. ನನಗೂ ಆ ಅಕ್ಕನಿಗೂ ಇದ್ದ ವ್ಯತ್ಯಾಸ ಇದೇ ಹೊರತು ಹಣೆಬರಹವಲ್ಲ.

ನಮ್ಮದು ಹಾಲಿನ ಜಿಲ್ಲೆ. ಬೆಳಿಗ್ಗೆ, ಸಂಜೆ ಹಾಲು ಕರೆಯುವ ಮುನ್ನ ಹಸುವಿನ ಕೆಚ್ಚಲನ್ನು ತೊಳೆದು, ಒಂದೊಂದು ಮೊಲೆಯನ್ನೂ ಮುಟ್ಟಿ ನೋಡಿ, ಎಲ್ಲಾದರೂ ಗಟ್ಟಿ ಹತ್ತಿದರೆ ಕೆಚ್ಚಲು ಬಾವಿರಬಹುದೆಂದು ಅಂದೇ ಪಶುವೈದ್ಯರಿಗೆ ಫೋನು ಮಾಡುವ ನಾವು, ನಮ್ಮ ಮೈಯನ್ನು ಹಾಗೆ ಮುಟ್ಟಿ ನೋಡುವುದಕ್ಕೆ ನಾಚುತ್ತೇವೆ. ಈ ಮಾತನ್ನು ನಮ್ಮ ಮಹಿಳಾ ಹಾಲು ಸಂಘದಲ್ಲಿ ಆಡಿದಾಗ ಮೊದಲು ಎಲ್ಲರೂ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಹೇಗೆ ನೋಡಿಕೊಳ್ಳಬೇಕೆಂದು ಕೇಳಿದರು.

ತಿಂಗಳ ಮುಟ್ಟು ಮುಗಿದ ಮೂರ್ನಾಲ್ಕು ದಿನಗಳ ನಂತರ, ಸ್ತನಗಳ ಬಿಗುವು ಇಳಿದಿರುವಾಗ ನೋಡಿಕೊಳ್ಳುವುದು ಒಳ್ಳೆಯದು. ಮುಟ್ಟು ಪೂರ್ತಿ ನಿಂತವರು ಹುಣ್ಣಿಮೆಯನ್ನೋ ಅಮಾವಾಸ್ಯೆಯನ್ನೋ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಕನ್ನಡಿಯ ಮುಂದೆ ಒಮ್ಮೆ ಕೈ ಇಳಿಬಿಟ್ಟು, ಇನ್ನೊಮ್ಮೆ ಮೇಲೆತ್ತಿ, ಎರಡೂ ಕಡೆಯ ಆಕಾರ ಹೋದ ತಿಂಗಳು ಇದ್ದ ಹಾಗೆಯೇ ಇದೆಯೇ, ಚರ್ಮ ಎಲ್ಲಾದರೂ ಗುಳಿಬಿದ್ದಿದೆಯೇ, ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿದೆಯೇ, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿದೆಯೇ, ಅದರಿಂದ ರಕ್ತವೋ ನೀರೋ ತಾನಾಗಿ ಒಸರುತ್ತಿದೆಯೇ ಎಂದು ಗಮನಿಸಬೇಕು. ಆಮೇಲೆ ಮಲಗಿಕೊಂಡು, ಎಡಗಡೆಗೆ ಬಲಗೈ, ಬಲಗಡೆಗೆ ಎಡಗೈ ಬಳಸಿ, ನಡುವಿನ ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು ಸಣ್ಣ ಸಣ್ಣ ಸುತ್ತು ತಿರುಗಿಸುತ್ತ, ಮೊದಲು ಹಗುರವಾಗಿ, ಬಳಿಕ ಸ್ವಲ್ಪ ಒತ್ತಿ, ಕೊರಳೆಲುಬಿನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಎದೆಯ ನಡುವಿನಿಂದ ಕಂಕುಳಿನೊಳಗಿನವರೆಗೆ ಒಂದಿಷ್ಟೂ ಜಾಗ ಬಿಡದೆ ನೋಡಬೇಕು. ಹೆಚ್ಚಿನವರು ಕಂಕುಳನ್ನು ಬಿಟ್ಟುಬಿಡುತ್ತಾರೆ. ಚಿವುಟಿ ನೋಡಿದರೆ ಎಲ್ಲವೂ ಗಂಟೇ ಎನಿಸುತ್ತದೆ, ಆದ್ದರಿಂದ ಚಿವುಟಬಾರದು.

ಸ್ವಯಂ ಪರೀಕ್ಷೆಯೊಂದೇ ಸಾಕೆಂದು ನಾನು ಹೇಳಲಾರೆ. ಚೀನಾದ ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು ನಡೆದ ಅಧ್ಯಯನದಲ್ಲಿ, ಇದನ್ನು ಕಲಿಸಿದ ಮಾತ್ರಕ್ಕೆ ಸಾವುಗಳು ಕಡಿಮೆಯಾಗಲಿಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಇಪ್ಪತ್ತು ವರ್ಷ ನಡೆಸಿದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ಅಲ್ಲಿ ರೋಗ ಬೇಗನೆ ಪತ್ತೆಯಾಯಿತಲ್ಲದೆ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವಿನ ಪ್ರಮಾಣವೂ ಶೇ 30ರ ಹತ್ತಿರ ತಗ್ಗಿತು. ಮನೆಯಲ್ಲಿ ನೋಡಿಕೊಳ್ಳುವುದು ಬದಲಾವಣೆ ಗೊತ್ತಾಗಲಿ ಎಂಬುದಕ್ಕೆ. ಅದು ಏನೆಂದು ತೀರ್ಮಾನಿಸುವುದು ವೈದ್ಯರ ಕೆಲಸ. ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬುದು ಸುಳ್ಳು. ಖರ್ಚಿನ ಭಯಕ್ಕೆ ಹಿಂಜರಿಯುವವರೂ ಇದ್ದಾರೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಮನೆಬಾಗಿಲಿಗೇ ತಪಾಸಣೆ ಒಯ್ಯುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಮೊದಲು ಆರಂಭವಾದದ್ದು ನಮ್ಮ ಕೋಲಾರದಲ್ಲೇ ಎಂಬುದು ಸಂತೋಷದ ಸಂಗತಿ. ಮೂವತ್ತು ದಾಟಿದವರ ತಪಾಸಣೆಯ ಪಟ್ಟಿಯಲ್ಲಿ ಸ್ತನ ಕ್ಯಾನ್ಸರ್ ಕೂಡ ಇದೆ. ಆದರೆ ಬಿಪಿ, ಶುಗರನ್ನು ಜಗಲಿಯ ಮೇಲೆ ಕೂರಿಸಿ ನೋಡಬಹುದು, ಇದನ್ನು ಹಾಗೆ ನೋಡಲಾಗದು. ಮಾವ, ಮೈದುನ ಎದುರಿಗಿರುವಾಗ 'ಎದೆಯಲ್ಲಿ ಗಂಟು ಇದೆಯೇನಮ್ಮ' ಎಂದು ಯಾರು ಕೇಳಿದರೂ ಸೊಸೆಯಾದವಳು 'ಇಲ್ಲ' ಎಂದೇ ಹೇಳುತ್ತಾಳೆ. ಆದಕಾರಣ ಪ್ರತಿ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೂ ತಿಂಗಳಿಗೊಂದು ದಿನವನ್ನು ಇದಕ್ಕೆಂದೇ ಗೊತ್ತುಮಾಡಿ, ಪರದೆಯಿರುವ ಕೋಣೆಯಲ್ಲಿ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುವ ವ್ಯವಸ್ಥೆಯಾಗಬೇಕು. ಆ ದಿನ ಯಾವುದೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿಳಿಸಬೇಕು. ಮಹಿಳಾ ಹಾಲು ಸಂಘಗಳಿಗೂ ನನ್ನದೊಂದು ವಿನಂತಿಯಿದೆ. ಬಟವಾಡೆಯ ದಿನ ಸದಸ್ಯೆಯರೆಲ್ಲ ಹೇಗೂ ಒಂದೆಡೆ ಸೇರುತ್ತಾರೆ. ಅಂದು ಗಂಡಸರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಆರೋಗ್ಯ ಕೇಂದ್ರದ ಅಧಿಕಾರಿಣಿಯನ್ನು ಕರೆಸಿದರೆ ಅರ್ಧ ಗಂಟೆಯಲ್ಲಿ ಕಲಿಸಿಬಿಡಬಹುದು. ನಮ್ಮ ತಾಲ್ಲೂಕಿನ ಯಾವ ಸಂಘದವರು ಕರೆದರೂ ಬಂದು ಮಾತಾಡಲು ನಾನು ಸಿದ್ಧಳಿದ್ದೇನೆ.

ಇತಿ,
ಮಹಿಳಾ ಹಾಲು ಉತ್ಪಾದಕರ ಸಂಘದ ಸದಸ್ಯೆ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ