ನೋವಿನ ನೆಲೆ ಹುಡುಕಿಕೊಟ್ಟವರಿಗೆ ಕೃತಜ್ಞತೆಗಳು

ಭುಜದಲ್ಲಿ ಹುಟ್ಟಿ, ಕತ್ತಿನ ಪಕ್ಕದಿಂದ ಏರಿ ಕಣತಲೆಯವರೆಗೆ ಹಬ್ಬುತ್ತಿದ್ದ ನೋವು ತಗ್ಗಿ, ಮತ್ತೆ ಮೊದಲಿನಂತೆ ಕುಳಿತು ಕೆಲಸ ಮಾಡಲು ಸಾಧ್ಯವಾಗಿರುವ ಈ ಹೊತ್ತಿನಲ್ಲಿ, ನನಗೆ ಡ್ರೈ ನೀಡ್ಲಿಂಗ್, ಅಂದರೆ ಔಷಧವಿಲ್ಲದ ತೆಳುವಾದ ಸೂಜಿಯನ್ನು ಸ್ನಾಯುವಿಗೆ ಚುಚ್ಚುವ ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್ ಅವರಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸಬೇಕೆನಿಸಿದೆ. ಹೆಸರು ಬರೆಯುವುದು ಬೇಡವೆಂದು ಅವರೇ ಕೋರಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಮಾತ್ರ ಒಪ್ಪಿದ್ದಾರೆ.

ನಾನು ಹೇಳಿಕೊಂಡದ್ದು ತಲೆನೋವನ್ನು. ಅವರು ಪರೀಕ್ಷಿಸಿದ್ದು ಭುಜದ ಮೇಲ್ಭಾಗದ ಟ್ರಪೀಜಿಯಸ್ ಸ್ನಾಯುವನ್ನು. ಅಲ್ಲಿ ಬಿಗಿದುಕೊಂಡಿದ್ದ ಎಳೆಯೊಂದರ ಮೇಲಿನ ಗಂಟನ್ನು ಬೆರಳಿನಿಂದ ಒತ್ತಿದ ಕೂಡಲೇ ಕಣತಲೆಯಲ್ಲಿ ಅದೇ ನೋವು ಎದ್ದಿತು. ಇಂಥ ಗಂಟಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆಂದೂ, ನೋವು ಹೊರಡುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು ಆಗಿರುವುದುಂಟೆಂದೂ, ವೈದ್ಯರಾದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ಇದನ್ನು ಸ್ನಾಯುವಾರು ಗುರುತಿಸಿ 1983ರಲ್ಲಿ ವಿಸ್ತಾರವಾದ ಕೈಪಿಡಿಯನ್ನೇ ಹೊರತಂದರೆಂದೂ ಸಾವಧಾನವಾಗಿ ತಿಳಿಸಿದರು. ಗಂಟಿನೊಳಗೆ ಚುಚ್ಚಿದಾಗ ಸಿಗುವ ಉಪಶಮನಕ್ಕೆ ಔಷಧವೇ ಬೇಕೆಂದಿಲ್ಲ, ಸೂಜಿಯೊಂದರಿಂದಲೇ ಅದು ಸಾಧ್ಯವೆಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದಿದ್ದರು. ಈ ಚಿಕಿತ್ಸೆಯ ಸೂಜಿಯೊಳಗೆ ಟೊಳ್ಳೂ ಇಲ್ಲ, ಔಷಧವೂ ಇಲ್ಲ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಅದು ಗಂಟಿಗೆ ತಾಗಿದಾಗ ಸ್ನಾಯು ತಾನಾಗಿ ಒಮ್ಮೆ ಅದುರುತ್ತದೆ. ಆಮೇಲೆ ಒಂದೆರಡು ದಿನ ಆ ಜಾಗದಲ್ಲಿ ನೋವಿರುವುದು ಸಾಮಾನ್ಯ.

ನಾನು ಹೆಚ್ಚು ಋಣಿಯಾಗಿರುವುದು ಅವರ ಎಚ್ಚರಿಕೆಗೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆಯೇ, ಸೂಜಿ ಕಂಡರೆ ತಲೆ ಸುತ್ತುತ್ತದೆಯೇ ಎಂದು ಮೊದಲೇ ವಿಚಾರಿಸಿದರು. ಭುಜದ ಆ ಭಾಗದ ಕೆಳಗೇ ಶ್ವಾಸಕೋಶದ ತುದಿ ಇರುವುದರಿಂದ, ಸೂಜಿ ಆಳಕ್ಕೆ ಹೋದರೆ ಎದೆಗೂಡಿನೊಳಗೆ ಗಾಳಿ ತುಂಬಿಕೊಳ್ಳುವ ಅಪಾಯ ಅಪರೂಪಕ್ಕಾದರೂ ಉಂಟೆಂಬುದನ್ನು ಮುಚ್ಚಿಡಲಿಲ್ಲ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದರು. ಒಮ್ಮೆ ಮಾತ್ರ ಬಳಸುವ ಸೂಜಿಯ ಪೊಟ್ಟಣವನ್ನು ನನ್ನೆದುರೇ ಒಡೆದು, ಸ್ನಾಯುವನ್ನು ಬೆರಳುಗಳ ನಡುವೆ ಎತ್ತಿ ಹಿಡಿದು ಪಕ್ಕೆಲುಬುಗಳಿಂದ ದೂರ ಸರಿಸಿಯೇ ಚುಚ್ಚುತ್ತಿದ್ದರು. ಎಲ್ಲಿ ಚುಚ್ಚಬಾರದು, ಎಷ್ಟು ಆಳಕ್ಕೆ ಹೋಗಬಾರದು ಎಂಬ ಅರಿವೇ ಈ ವಿದ್ಯೆಯ ಮುಖ್ಯ ಭಾಗವೆಂದು ನನಗೆ ತೋರುತ್ತದೆ. ಆದ್ದರಿಂದ ಇದನ್ನು ತರಬೇತಿ ಪಡೆದವರ ಕೈಯಲ್ಲೇ ಮಾಡಿಸಿಕೊಳ್ಳಬೇಕೆಂದು ಓದುಗರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಸೂಜಿಯಿಂದ ಸಿಗುವ ಅಲ್ಪಾವಧಿಯ ಉಪಶಮನಕ್ಕೆ ಇರುವಷ್ಟು ಆಧಾರ ದೀರ್ಘಾವಧಿಯ ಪ್ರಯೋಜನಕ್ಕಿಲ್ಲವೆಂದು ಹೇಳಿ, ನೋವು ತಗ್ಗಿದ ಅವಧಿಯಲ್ಲೇ ಭುಜ ಮತ್ತು ಕತ್ತಿನ ವ್ಯಾಯಾಮಗಳನ್ನು ಕಲಿಸಿದವರೂ ಅವರೇ. ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನನ್ನನ್ನು ಅವರಲ್ಲಿಗೆ ಕಳುಹಿಸಿದ ವೈದ್ಯರಿಗೂ, ನನ್ನ ಪಾಲಿನ ಕೆಲಸವನ್ನು ಗೊಣಗದೆ ಹಂಚಿಕೊಂಡ ಸಹೋದ್ಯೋಗಿಗಳಿಗೂ, ವ್ಯಾಯಾಮ ತಪ್ಪದಂತೆ ಪ್ರತಿದಿನ ನೆನಪಿಸುತ್ತಿರುವ ಮನೆಯವರಿಗೂ ನನ್ನ ಹೃತ್ಪೂರ್ವಕ ವಂದನೆಗಳು.