ಮೇಲಿನ ಅಂಕಿ ಕೆಳಗಿಳಿಯದಿರಲಿ

ಮಾನ್ಯ ಸಂಪಾದಕರೇ,

ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ 1.496 × 10⁸ ಕಿ.ಮೀ., ಅಂದರೆ ಸುಮಾರು 14 ಕೋಟಿ 96 ಲಕ್ಷ ಕಿ.ಮೀ. ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಅಂಕಣಗಳಲ್ಲಿ ಇಂಥ ಸಂಖ್ಯೆ ಎಷ್ಟೋ ಸಲ ‘1.496 × 108 ಕಿ.ಮೀ.’ ಎಂದು ಅಚ್ಚಾಗುತ್ತದೆ. ಅದನ್ನೇ ನಂಬಿ ಗುಣಿಸಿದರೆ ಬರುವುದು 161.6 ಕಿ.ಮೀ. ಬೆಂಗಳೂರಿನಲ್ಲಿ ಬಸ್ಸು ಹತ್ತಿದವರಿಗೆ ಮೈಸೂರು ದಾಟಿದ ಸ್ವಲ್ಪ ಹೊತ್ತಿಗೇ ಸೂರ್ಯ ಸಿಗಬೇಕು! ಓದಿದವರಿಗೆ ನಗು ಬರಬಹುದು. ಅದನ್ನೇ ಉರು ಹೊಡೆದು ಪರೀಕ್ಷೆಗೆ ಕೂರುವ ಹುಡುಗಿಗೆ ಬರುವುದಿಲ್ಲ.

ಬಹುಪಾಲು ಸಲ ಇದು ಬರೆದವರ ತಪ್ಪಲ್ಲ. ಅವರು 8ನ್ನು ಮೇಲೇರಿಸಿಯೇ ಕಳಿಸಿರುತ್ತಾರೆ. ಆದರೆ ಹಾಗೆ ಮೇಲೇರಿಸುವುದು ಅಕ್ಷರವನ್ನು ದಪ್ಪ ಮಾಡಿದ ಹಾಗೆ ಬರೀ ವಿನ್ಯಾಸ. ಹಳೆಯ ಫಾಂಟಿನಿಂದ ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತಕ್ಕೆ) ಪರಿವರ್ತಿಸುವಾಗಲೋ, ಒಂದು ಕಡತದಿಂದ ಇನ್ನೊಂದಕ್ಕೆ ನಕಲಿಸುವಾಗಲೋ ವಿನ್ಯಾಸ ಉದುರಿಹೋಗಿ, ಅಂಕಿ ಮಾತ್ರ ಸಾಲಿಗೆ ಸೇರಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ⁴, ⁸, ⁻ ಇವೆಲ್ಲ ಸ್ವತಂತ್ರ ಅಕ್ಷರಗಳಾಗಿಯೇ ಇವೆ. ಅವನ್ನು ಬಳಸಿದರೆ ಎಲ್ಲಿಗೆ ನಕಲಿಸಿದರೂ ಕೆಳಗೆ ಬೀಳುವುದಿಲ್ಲ. ಒಂದು ಎಚ್ಚರ ಬೇಕು. ¹, ², ³ ಈ ಮೂರು ಮಾತ್ರ ಹಳೆಯ ಅಕ್ಷರಪಟ್ಟಿಯಿಂದಲೇ ಬಂದವು, ಹೆಚ್ಚಿನ ಫಾಂಟುಗಳಲ್ಲಿ ಸಿಗುತ್ತವೆ. ಉಳಿದವು ಬೇರೆ ವಿಭಾಗದಲ್ಲಿರುವುದರಿಂದ ಕೆಲವು ಫಾಂಟುಗಳಲ್ಲಿ ಅವುಗಳ ಜಾಗದಲ್ಲಿ ಖಾಲಿ ಚೌಕ ಮೂಡುತ್ತದೆ. ಹಾಗಾಗಿ 10² ಸರಿಯಾಗಿ ಬಂತೆಂದು 10⁸ ಕೂಡ ಬಂದೀತು ಎಂದುಕೊಳ್ಳುವಂತಿಲ್ಲ. ಫಾಂಟು ಕೈಕೊಟ್ಟರೆ ‘10ರ ಘಾತ 8’ ಎಂದು ಅಕ್ಷರದಲ್ಲೇ ಬರೆದುಬಿಡಬಹುದು.

ವಿಜ್ಞಾನದ ಪುಟ ಹಾಗಿರಲಿ, ಮಳೆಗಾಲದಲ್ಲಿ ನೀವು ದಿನವೂ ಹಾಕುವ ಜಲಾಶಯ ಮಟ್ಟದ ಪಟ್ಟಿಯೇ ಘಾತಾಂಕದ, ಅಂದರೆ 10ರ ತಲೆಯ ಮೇಲೆ ಕೂರುವ ಆ ಪುಟ್ಟ ಅಂಕಿಯ ಪಾಠ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ: 10³ × 10⁶ = 10⁹, ನಮ್ಮ ಲೆಕ್ಕದಲ್ಲಿ ನೂರು ಕೋಟಿ. ಕೆಆರ್‌ಎಸ್ ಸಾಮರ್ಥ್ಯ 49.452 ಟಿಎಂಸಿ. ಇದನ್ನು ವಿಸ್ತೃತ ರೂಪದಲ್ಲಿ ಬಿಡಿಸಿದರೆ

4 × 10¹ + 9 × 10⁰ + 4 × 10⁻¹ + 5 × 10⁻² + 2 × 10⁻³.

ಕೊನೆಯ 2 ಅಲಕ್ಷಿಸುವಂಥದ್ದೆಂದು ಕಾಣುತ್ತದೆ. ಆದರೆ ಟಿಎಂಸಿಯ ಒಂದು ಸಹಸ್ರಾಂಶವೆಂದರೆ ಹತ್ತು ಲಕ್ಷ ಘನ ಅಡಿ, ಸುಮಾರು 2.83 ಕೋಟಿ ಲೀಟರ್. 12,000 ಲೀಟರಿನ ಟ್ಯಾಂಕರಿಗೆ ತುಂಬಿದರೆ 2,360 ಟ್ಯಾಂಕರ್ ಬೇಕು. ಬಿಂದುವಿನ ಬಲಕ್ಕೆ ಮೂರನೇ ಮನೆಯಲ್ಲಿ ಕೂತಿರುವುದು ಅಷ್ಟು ನೀರು, ಅದೂ ಎರಡು ಪಾಲು.

ಇದೇ ಸಂಖ್ಯೆಯನ್ನು ಘನ ಅಡಿಯಲ್ಲಿ ಆದರ್ಶ ರೂಪಕ್ಕೆ, ಅಂದರೆ ವೈಜ್ಞಾನಿಕ ರೂಪಕ್ಕೆ ತರುವಾಗ ಮಕ್ಕಳು 49.452 × 10⁹ ಎಂದು ಬರೆದು ನಿಲ್ಲಿಸುತ್ತಾರೆ. ಬೆಲೆ ಸರಿ, ರೂಪ ಅಲ್ಲ. ಬಿಂದುವಿನ ಎಡಕ್ಕೆ ಸೊನ್ನೆಯಲ್ಲದ ಒಂದೇ ಅಂಕಿ ಇರಬೇಕು. ಬಿಂದುವನ್ನು ಒಂದು ಮನೆ ಎಡಕ್ಕೆ ಸರಿಸಿ 4.9452 ಮಾಡಿದಾಗ ಆ ಸಂಖ್ಯೆ ಹತ್ತು ಪಟ್ಟು ಕುಗ್ಗಿತು, ಆ ಹತ್ತನ್ನು ಘಾತಕ್ಕೆ ಸೇರಿಸಿ 10¹⁰ ಮಾಡಬೇಕು. ‘ಎಡಕ್ಕೆ ಹೋದರೆ ಕಡಿಮೆ’ ಎಂದುಕೊಂಡು 10⁸ ಬರೆಯುವವರೇ ಹೆಚ್ಚು. ಆಗ ಕೆಆರ್‌ಎಸ್‌ನಲ್ಲಿ ಅರ್ಧ ಟಿಎಂಸಿಯೂ ಉಳಿಯುವುದಿಲ್ಲ.

ಸೊನ್ನೆ ಎಣಿಸುವುದು ಇನ್ನೊಂದು ಚಟ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ.ಯಲ್ಲಿ ಸೊನ್ನೆ ಎರಡೇ ಇವೆ ಎಂದು 3.844 × 10² ಬರೆಯುತ್ತಾರೆ. ಎಣಿಸಬೇಕಾದದ್ದು ಬಿಂದು ದಾಟಿದ ಮನೆಗಳನ್ನು; ಐದು ಮನೆ, 10⁵. ವಿಚಿತ್ರವೆಂದರೆ 0.00045ರಂಥ ಸಣ್ಣ ಸಂಖ್ಯೆಯಲ್ಲಿ ಬಿಂದುವಿನ ಎಡಗಡೆಯದ್ದೂ ಸೇರಿ ನಾಲ್ಕು ಸೊನ್ನೆಗಳಿದ್ದು, ಉತ್ತರವೂ 4.5 × 10⁻⁴ ಆಗಿರುವುದರಿಂದ ಅಲ್ಲಿ ಈ ಉಪಾಯ ಫಲಿಸಿಬಿಡುತ್ತದೆ. ಚಟ ಬಿಡದಿರುವುದಕ್ಕೆ ಅದೇ ಕಾರಣ.

ವಿಸ್ತೃತ ರೂಪದಲ್ಲಿ ಮಕ್ಕಳು ಎಡವುವುದು 10⁰ ಬಂದಾಗ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ರಾಜ್ಯದ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ಹರಿಸಬೇಕೆಂದು ನಿಗದಿ ಮಾಡಿದ ಕಾವೇರಿ ನೀರು 177.25 ಟಿಎಂಸಿ:

1 × 10² + 7 × 10¹ + 7 × 10⁰ + 2 × 10⁻¹ + 5 × 10⁻².

10⁰ ಎಂದರೆ ಸೊನ್ನೆ ಎಂದು ತಿಳಿದವರ ಕೂಡುವಿಕೆಯಲ್ಲಿ ಇದು 170.25 ಆಗುತ್ತದೆ. ಏಳು ಟಿಎಂಸಿ ನಾಪತ್ತೆ! ಅದಕ್ಕೆ ಔಷಧ 10³, 10², 10¹ ಎಂದು ಇಳಿಯುತ್ತ ಬರುವುದು: 1000, 100, 10. ಪ್ರತಿ ಮೆಟ್ಟಿಲಿಗೂ ಹತ್ತರಿಂದ ಭಾಗಿಸಿದರೆ ಮುಂದಿನದು 1, ಅದರ ಮುಂದಿನದು 0.1. ಋಣ ಘಾತ ಬಂದರೆ ಸಂಖ್ಯೆಯೇ ಋಣವಾಗುತ್ತದೆ ಎಂಬ ಭ್ರಮೆಯೂ ಅದೇ ಮೆಟ್ಟಿಲಿನಲ್ಲಿ ಕಳೆಯುತ್ತದೆ. ಇನ್ನು 3 × 10² + 5 × 10⁰ + 7 × 10⁻² ಕೊಟ್ಟು ಸಂಖ್ಯೆ ಬರೆಯಿರಿ ಎಂದರೆ 35.7 ಎನ್ನುವವರಿದ್ದಾರೆ. ಖಾಲಿ ಮನೆಗಳಿಗೆ ಸೊನ್ನೆ ಹಾಕಿದರೆ 305.07.

ಋಣ ಚಿಹ್ನೆ ಅಚ್ಚಿನಲ್ಲಿ ಜಾರಿದರೆ ಏನಾಗುತ್ತದೆ ಎಂಬುದಕ್ಕೂ ನದಿಯ ಲೆಕ್ಕವೇ ಸಾಕು. ಜಲಾಶಯಕ್ಕೆ ಇಡೀ ದಿನ 10,000 ಕ್ಯುಸೆಕ್ (ಸೆಕೆಂಡಿಗೆ 10,000 ಘನ ಅಡಿ) ಒಳಹರಿವಿದ್ದರೆ, ದಿನಕ್ಕೆ 86,400 ಸೆಕೆಂಡು: 10⁴ × 8.64 × 10⁴ = 8.64 × 10⁸ ಘನ ಅಡಿ. 10⁹ರಿಂದ ಭಾಗಿಸಿದರೆ 8.64 × 10⁻¹, ಅಂದರೆ 0.864 ಟಿಎಂಸಿ. ಆ ಪುಟ್ಟ ಗೆರೆ ಬಿದ್ದುಹೋದರೆ 86.4 ಟಿಎಂಸಿ. ಒಂದೇ ದಿನದಲ್ಲಿ ಖಾಲಿ ಕೆಆರ್‌ಎಸ್ ತುಂಬಿ, ಅದರ ಮುಕ್ಕಾಲು ಪಾಲಿನಷ್ಟು ನೀರು ಹೆಚ್ಚಾಗಿ ಹೊರಗೆ ಹರಿಯಬೇಕು. ಸಾಲಿನ ಕೊನೆಯಲ್ಲಿ 10 ನಿಂತು ‘-1’ ಮುಂದಿನ ಸಾಲಿಗೆ ಹಾರುವುದೂ ಉಂಟು. ಗುಣಾಕಾರದಿಂದ ಘಾತದವರೆಗೆ ಒಡೆಯದ ಹಾಗೆ ಕಟ್ಟಿಹಾಕಲು ಪುಟ ವಿನ್ಯಾಸಕರಿಗೆ ಹೇಳಬೇಕು.

ಪಟ್ಟಿಯ ಬಗ್ಗೆಯೇ ಒಂದು ಕೋರಿಕೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಇದನ್ನು 124 ಅಡಿ 8 ಅಂಗುಲ ಎಂದು ಓದುವವರು ಬಹಳ ಮಂದಿ. 0.80 ಅಡಿ ಎಂದರೆ ಹತ್ತರಲ್ಲಿ ಎಂಟು ಪಾಲು, 12ರಿಂದ ಗುಣಿಸಿದರೆ 9.6 ಅಂಗುಲ. ಪಟ್ಟಿಯ ಕೆಳಗೆ ‘ಮಟ್ಟ ದಶಮಾಂಶ ಅಡಿಗಳಲ್ಲಿ’ ಎಂದು ಒಂದು ಸಾಲು ಸೇರಿಸಿ. ಜಾಗ ಉಳಿಸಲು ಕೊನೆಯ ಸೊನ್ನೆಯನ್ನು ಕತ್ತರಿಸಬೇಡಿ. ಮಟ್ಟವನ್ನು ಶತಾಂಶದವರೆಗೆ ಅಳೆದಿದ್ದಾರೆ ಎಂದು ಹೇಳುವುದು ಆ ಸೊನ್ನೆಯೇ. ಆದರ್ಶ ರೂಪದಲ್ಲೂ ಅದು 1.248 × 10² ಅಲ್ಲ, 1.2480 × 10².

– ಪ್ರೌಢಶಾಲಾ ಗಣಿತ ಶಿಕ್ಷಕರು, ಮಂಡ್ಯ